ತಾಳಿಗೆ ಮುಂಚಿನ ಗಟ್ಟಿಮೇಳ

ಗಟ್ಟಿಮೇಳಕ್ಕೆ ಒಂದು ಕಟ್ಟಳೆಯಿದೆ. ಮುಹೂರ್ತದ ಹೊತ್ತಿಗೆ ಯಾರಾದರೂ ಸೀನಲಿ, ಮಗು ಚೀರಲಿ, ಅಪಶಕುನದ ಮಾತು ಬರಲಿ, ಮನೆಯ ಹಿರಿಯರು ತೋರುಬೆರಳೆತ್ತಿ ಅಲ್ಲಾಡಿಸಿದರೆ ಸಾಕು, ವಾಲಗದವರು ಜೋರಾಗಿ ನುಡಿಸಿ ಆ ಸದ್ದನ್ನು ಮುಚ್ಚಿಹಾಕಬೇಕು. ಯಾಕೆ ಎಂದು ಕೇಳುವಂತಿಲ್ಲ. ಶಾಮಲಾ ಒಮ್ಮೆಯೂ ಕೇಳಿದವಳಲ್ಲ.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದ ಈ ಹೆಂಗಸಿನ ಸ್ಯಾಕ್ಸೋಫೋನ್ ಇಲ್ಲದೆ ಶಿವಮೊಗ್ಗದಲ್ಲಿ ದೊಡ್ಡ ಮದುವೆಗಳಾಗುವುದು ಕಡಿಮೆ. ತಮ್ಮ ಆನಂದನದು ಸೌಂಡ್ ಸೆಟ್. ಈಗ ಮನೆತನದ ದೊಡ್ಡಸ್ತಿಕೆ ಊಟದ ಎಲೆಯಲ್ಲಿಲ್ಲ, ಸ್ಪೀಕರಿನಲ್ಲಿದೆ. ಎದೆ ನಡುಗಬೇಕು, ಪಕ್ಕದ ಬೀದಿಯವರು ಬೈಯಬೇಕು, ಆಗಲೇ ಮದುವೆ ಚೆನ್ನಾಗಾಯಿತು ಅಂತ ಲೆಕ್ಕ.

ಈ ಮದುವೆಯ ಹಿಂದಿನ ರಾತ್ರಿ ಹೊಸಮನೆ ಬಡಾವಣೆಯ ಛತ್ರದಲ್ಲಿ ಜಗಳ ಹತ್ತಿದ್ದೂ ಅದಕ್ಕೇ. ಆರತಕ್ಷತೆಗೆ ವರನ ಅಣ್ಣ ವೀರೇಂದ್ರ ಗೆಳೆಯರ ದಂಡು ಕಟ್ಟಿಕೊಂಡು ಬಂದು, ಕುಡಿದು ಕುಣಿಯುತ್ತಿದ್ದ. ಹತ್ತು ಗಂಟೆಗೆ ಪೊಲೀಸರು ಬಂದರು. ಸೆಟ್ ಜಪ್ತಿಯಾದರೆ ಅನ್ನಕ್ಕೆ ಕಲ್ಲು ಬಿದ್ದ ಹಾಗೆ ಎಂದು ಆನಂದ ಹಾಡು ನಿಲ್ಲಿಸಿದ.

“ನಾನು ಕುಣೀತಿರೋವಾಗ ನಿಲ್ಲಿಸ್ತೀಯೇನೋ? ಬೆಳಿಗ್ಗೆ ನೋಡ್ಕೋತೀನಿ” ಎಂದಿದ್ದ ವೀರೇಂದ್ರ.

ಕುಡಿದವನ ಮಾತು, ಬೆಳಗಾದರೆ ಇಳಿಯುತ್ತದೆ ಎಂದುಕೊಂಡಿದ್ದಳು ಶಾಮಲಾ. ಬೆಳಿಗ್ಗೆ ಸ್ಯಾಕ್ಸೋಫೋನಿನ ಬಾಯಿಗೆ ಪುಟ್ಟ ಮೈಕ್ ಸಿಕ್ಕಿಸಿಕೊಟ್ಟು, “ಟೀ ಕುಡಿದು ಬರ್ತೀನಿ ಅಕ್ಕ” ಎಂದು ಹೋದ ಆನಂದ ಮುಹೂರ್ತ ಹತ್ತಿರವಾದರೂ ಬಂದಿರಲಿಲ್ಲ.

ವಾಲಗದವರನ್ನು ಮಂಟಪದ ಬದಿಗೆ, ಪಾತ್ರೆ ಕೋಣೆಯ ಬಾಗಿಲಿಗೆ ಒತ್ತಿ ಕೂರಿಸಿದ್ದರು. ವಧುವಿನ ತಂದೆ ಮುರುಗೇಶಪ್ಪ ಮೊದಲ ಸಲ ಬೆರಳೆತ್ತಿದಾಗ, ಯಾರೋ ಸೀನಿರಬೇಕು ಎಂದು ಶಾಮಲಾ ಕೆನ್ನೆಯುಬ್ಬಿಸಿ ಊದಿದಳು. ಸ್ವಲ್ಪ ಹೊತ್ತಿಗೇ ಮತ್ತೆ ಬೆರಳು ಎದ್ದಿತು.

“ತಾಳಿ ಇನ್ನೂ ತಟ್ಟೇಲೇ ಇದೆಯಲ್ಲ ಮಾರಾಯ್ತಿ, ಇವರಿಗೇನಾಗಿದೆ?” ಎಂದು ಡೋಲಿನ ರವಿಶಂಕರ ಗೊಣಗಿದ.

“ನಮಗ್ಯಾಕೆ? ಬಾರ್ಸು.”

ಮೂರನೆಯ ಸಲ ಅವಳು ಮುರುಗೇಶಪ್ಪನ ಮುಖ ನೋಡಿದಳು. ಆತನ ಕಣ್ಣು ಮಗಳ ಮೇಲಿರಲಿಲ್ಲ, ಪಾತ್ರೆ ಕೋಣೆಯ ಬಾಗಿಲ ಮೇಲಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಉಸಿರು ತೆಗೆದುಕೊಳ್ಳಲು ಶಾಮಲಾ ತುಟಿ ಬಿಡಿಸಿದ ಆ ಒಂದು ಗಳಿಗೆಯಲ್ಲಿ ಬಾಗಿಲಾಚೆಯಿಂದ ಕೇಳಿತು.

“ಅಕ್ಕಾ!”

ಅವಳು ಎದ್ದುಬಿಟ್ಟಳು. ಮುರುಗೇಶಪ್ಪ ಓಡಿಬಂದು ಅವಳ ರಟ್ಟೆ ಹಿಡಿದ.

“ನುಡಿಸಮ್ಮ! ಅವರು ಗಂಡಿನ ಕಡೆಯವರು, ಬಿಡಿಸೋಕೆ ಹೋದ್ರೆ ಮದುವೆ ಮುರೀತದೆ. ನಿನ್ನ ತಮ್ಮನ್ನ ಆಮೇಲೆ ಆಸ್ಪತ್ರೆಗೆ ನಾನೇ ಸೇರಿಸ್ತೀನಿ. ತಾಳಿ ಒಂದು ಕಟ್ಟಿಬಿಡ್ಲಿ, ಕೈ ಮುಗೀತೀನಿ.”

ಎಂಥ ಮನುಷ್ಯ ನೋಡಿ! ಒಳಗೆ ಒಬ್ಬನ ಜೀವ ಹೋಗುತ್ತಿದೆ, ಈತನಿಗೆ ಅದು ಸೀನಿದಷ್ಟೇ. ಶಾಮಲಾ ಕೈ ಕೊಡವಿಕೊಂಡಳು. ಮೈಕನ್ನು ಕಿತ್ತು ಬಾಗಿಲ ಮೇಲಿನ ಕಿಂಡಿಗೆ ಹಿಡಿದಳು.

ಆನಂದನ ಸ್ಪೀಕರುಗಳು ಒಳ್ಳೆಯವು, ಏನನ್ನೂ ಮುಚ್ಚಿಡಲಿಲ್ಲ. ಕಬ್ಬಿಣ ಮೂಳೆಗೆ ಬಡಿದ ಸದ್ದು ಛತ್ರದ ಉದ್ದಗಲಕ್ಕೂ ಕೇಳಿತು. ಹಿಂದೆಯೇ ವೀರೇಂದ್ರನ ದನಿ: “ಹಾಡು ನಿಲ್ಲಿಸ್ತೀಯಾ? ಈಗ ನೀನು ಹಾಡೋ, ಹಾಡು!” ಮತ್ತೊಂದು ಏಟು, ಮತ್ತೊಂದು ಚೀರಾಟ. ಅಕ್ಷತೆ ಹಿಡಿದ ಕೈಗಳು ಹಾಗೇ ನಿಂತವು. ವರನ ಕೈಯಲ್ಲಿದ್ದ ತಾಳಿಯನ್ನು ಮದುಮಗಳು ಸ್ಫೂರ್ತಿ ಪಕ್ಕಕ್ಕೆ ತಳ್ಳಿ ಎದ್ದು ನಿಂತಳು.

“ಅಪ್ಪಾ, ಆ ಬಾಗಿಲು ತೆಗ್ಸಿ!”

ಅಪ್ಪ ಅಲುಗಲಿಲ್ಲ. ಅಡುಗೆಯವರು ಹೆಗಲು ಕೊಟ್ಟು ಗುದ್ದಿ ಚಿಲಕ ಮುರಿದರು. ಕಡಾಯಿಗಳ ನಡುವೆ ಆನಂದ ಮುದುಡಿ ಬಿದ್ದಿದ್ದ. ಇಬ್ಬರು ಅವನ ಕಾಲು ತುಳಿದು ನಿಂತಿದ್ದರು. ವೀರೇಂದ್ರನ ಕೈಯಲ್ಲಿದ್ದ ಸಟ್ಟುಗ ಮತ್ತೆ ಮೇಲೇಳುತ್ತಿತ್ತು. ಶಾಮಲಾ ಯೋಚಿಸಲಿಲ್ಲ. ಎರಡೂ ಕೈಯಲ್ಲಿ ಸ್ಯಾಕ್ಸೋಫೋನ್ ಎತ್ತಿ ಅವನ ದವಡೆಗೆ ಬೀಸಿದಳು. ಹಲ್ಲು ಉದುರಿತು, ಹಿತ್ತಾಳೆ ಸೊಟ್ಟಗಾಯಿತು. ಬಿದ್ದವನಿಗೆ ಇನ್ನೊಂದು ಬಾರಿಸಿದಳು. ರವಿಶಂಕರ ಬಂದು ತಬ್ಬಿ ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ.

ಆಟೊದಲ್ಲಿ ಆನಂದನ ತಲೆ ಅವಳ ತೊಡೆಯ ಮೇಲಿತ್ತು. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಸೆರಗು ಒತ್ತಿ ಹಿಡಿದಿದ್ದಳು.

“ಅಕ್ಕ, ಗಟ್ಟಿಮೇಳ ನೀನೇ ನುಡಿಸ್ತಿದ್ದದ್ದಾ?”

“ಹೂಂ ಕಣೋ. ಮಾತಾಡ್ಬೇಡ.”

“ಬಾಗಿಲಾಚೆ ನೀನೇ ಇದ್ದೀಯ ಅಂತ ಗೊತ್ತಿತ್ತು. ಅದಕ್ಕೇ ನಿನ್ನನ್ನೇ ಕರೆದೆ.” ಅವನು ಅವಳ ಮುಖ ನೋಡಿದ. “ಕರೆದಾಗೆಲ್ಲ ನೀನು ಇನ್ನೂ ಜೋರಾಗಿ ಊದ್ತಿದ್ದೆ.”