ಟೈಲರ್ ತಾತನ ತೊಡೆಯ ಅಳತೆ

ಚಳಿಗಾಲ ಬಂತೆಂದರೆ ಟೈಲರ್ ತಾತ ಹೊಸ್ತಿಲು ದಾಟುವುದಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಲಲ್ಲಿ ತುಳಿಯುತ್ತಿದ್ದ ಹೊಲಿಗೆ ಮೆಷೀನಿಗೆ ಈ ಸಲ ಮಗ ಮೋಟರು ಬೇರೆ ಹಾಕಿಸಿದ್ದ. ಹಾಗಾಗಿ ಕಾಲಿಗೆ ಪೂರಾ ರಜೆ.

"ಒಂದು ಸುತ್ತು ನಡೆದು ಬನ್ನಿ ಅಂದ್ರೆ ಕೇಳಲ್ವಲ್ಲ," ಎಂದು ಹೆಂಡತಿ ಗೊಣಗುತ್ತಿದ್ದಳು.

"ಎಪ್ಪತ್ತು ವರ್ಷ ದುಡಿದ ಕಾಲು ಕಣೇ, ಸುಧಾರಿಸ್ಕೊಳ್ಳಲಿ. ಚಳೀಲಿ ಹೋಗಿ ಕೆಮ್ಮು ತಂದ್ಕೊಳ್ಳೋದು ಯಾಕೆ?"

ಎರಡು ತಿಂಗಳಲ್ಲಿ ತಾತನ ಪ್ಯಾಂಟು ತೊಡೆಯ ಹತ್ತಿರ ಸಡಿಲವಾಯಿತು. ತಾನೇ ಕತ್ತರಿಸಿ ಹೊಲಿದ ಪ್ಯಾಂಟು. "ಬಟ್ಟೆ ಜಗ್ಗಿದೆ," ಎಂದು ಬಟ್ಟೆ ಅಂಗಡಿಯವನಿಗೆ ಬೈದು, ಎರಡೂ ತೊಡೆಯ ಹೊಲಿಗೆಯನ್ನು ಒಳಗೆ ಹಿಡಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ನರ್ಸಮ್ಮ ಕೋಟು ಹೊಲಿಸಲು ಬಂದಳು. ಅಳತೆ ತೆಗೆಯಲು ತಾತ ಏಳಹೋದ. ಏಳಲಾಗಲಿಲ್ಲ. ಮೆಷೀನಿಗೆ ಕೈಯೂರಿ ಇನ್ನೊಮ್ಮೆ ಎದ್ದ; ಮೊಣಕಾಲು ನಡುಗಿ ದೊಪ್ಪೆಂದು ಸ್ಟೂಲಿನ ಮೇಲೆ ಬಿದ್ದ.

"ನಿಂತ್ಕೊಳ್ಳೋಕೇ ಆಗ್ದಿದ್ರೆ ಅಳತೆ ಹೇಗೆ ತೆಗೀಲಿ? ಅಂಗಡಿ ಮುಚ್ಚೋದೇನಾ?"

ಲಕ್ವ ಏನಾದರೂ ಹೊಡೆದಿದೆಯೇ ಎಂದು ನರ್ಸಮ್ಮ ಅವನಿಂದ ಎರಡೂ ಕೈ ಎತ್ತಿಸಿದಳು, ಮಾತಾಡಿಸಿದಳು, ನಾಡಿ ನೋಡಿದಳು. "ಇವತ್ತೇ ಡಾಕ್ಟರಿಗೆ ತೋರಿಸೋಣ. ಅಂದ ಹಾಗೆ, ಪ್ಯಾಂಟಿನ ತೊಡೆ ಹತ್ರ ಹೊಲಿಗೆ ಒಳಗೆ ಹಿಡಿದಿದ್ದೀರಲ್ಲ, ನಿಮ್ಮ ಹಳೇ ಅಳತೆ ಬರೆದಿಟ್ಟಿದ್ದೀರಾ?"

ಹೆಂಡತಿ ಅಳತೆ ಪುಸ್ತಕ ತಂದಳು. ತೊಡೆ, ಇಪ್ಪತ್ತು ಇಂಚು. ನರ್ಸಮ್ಮ ಟೇಪು ಸುತ್ತಿದಳು. ಹದಿನೆಂಟೂವರೆ.

"ಟೇಪು ಸರಿಯಾಗಿ ಹಿಡಿಯಮ್ಮ," ಎಂದ ತಾತ.

ಮತ್ತೆ ಹದಿನೆಂಟೂವರೆ. ತಾತ ಬಗ್ಗಿ ತಾನೇ ಅಂಕಿ ನೋಡಿದ. ಐವತ್ತು ವರ್ಷ ನಂಬಿದ ಟೇಪು ಅದು. ಜಗ್ಗಿದ್ದು ಬಟ್ಟೆಯಲ್ಲ, ಕರಗಿದ್ದು ಅವನ ಕಾಲು.

"ವಯಸ್ಸಾದ ಮೇಲೆ ಕೂತೇ ಇದ್ರೆ ಮಾಂಸಖಂಡ ಕರಗುತ್ತೆ ತಾತ. ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಕಾಲಿನ ಶಕ್ತೀನೂ ಹಾಗೇ."

"ಮತ್ತೆ ಈ ಚಳಿ?"

"ಬಿಸಿಲು ಬಿದ್ದ ಮೇಲೆ ಹೊರಡಿ. ಸ್ವೆಟರು, ಟೋಪಿ, ಜಾರದ ಶೂ ಹಾಕ್ಕೊಳ್ಳಿ. ಮೊದಲು ಐದೇ ನಿಮಿಷ, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ. ಎದೆನೋವು, ತಲೆಸುತ್ತು, ಏದುಸಿರು ಬಂದ್ರೆ ನಿಲ್ಲಿಸಿ ಡಾಕ್ಟರ ಹತ್ರ ಹೋಗಿ."

ಡಾಕ್ಟರೂ ಅದನ್ನೇ ಹೇಳಿದರು. ಮೊದಲ ದಿನ ಹೆಂಡತಿಯ ತೋಳು ಹಿಡಿದು ಬೀದಿದೀಪದ ಕಂಬ ಮುಟ್ಟುವಷ್ಟರಲ್ಲಿ ತಾತ ಸುಸ್ತಾದ. "ಇಷ್ಟೇನಾ ನನ್ನ ಕೈಲಾಗೋದು?" ಎಂದು ದಿಗಿಲುಬಿದ್ದ. ಆದರೆ ಮರುದಿನವೂ ಹೊರಟ. ವಾರ ಕಳೆದ ಮೇಲೆ ಬೀದಿಯ ತಿರುವಿನವರೆಗೆ ಹೋಗಿಬಂದ. ಮೋಟರನ್ನೂ ಬಿಚ್ಚಿಸಿದ.

ಚಳಿ ಮುಗಿಯುವ ಹೊತ್ತಿಗೆ ನರ್ಸಮ್ಮನ ಕೋಟಿನ ಅಳತೆಯನ್ನು ನಿಂತುಕೊಂಡೇ ತೆಗೆದ. ಅಂದೇ ತನ್ನ ಪ್ಯಾಂಟಿನ ಹೊಲಿಗೆಯನ್ನು ಅರ್ಧ ಇಂಚು ಬಿಚ್ಚಿದ. ಸೂಜಿಯ ತೂತುಗಳು ಹಾಗೇ ಉಳಿದವು. "ಇರಲಿ ಬಿಡು, ನೋಡಿದಾಗೆಲ್ಲ ನೆನಪಾಗುತ್ತೆ," ಎಂದ.

ಓದುತ್ತಿರುವ ಹಿರಿಯರೇ, ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಯೂರದೆ ಕುರ್ಚಿಯಿಂದ ಎದ್ದು ನೋಡಿ. ಆಗಲಿಲ್ಲವೇ? ತಡಮಾಡದೆ ಡಾಕ್ಟರನ್ನು ಕಾಣಿ. ಎದ್ದಿರಾ? ಹಾಗಾದರೆ ಮತ್ತೆ ಕೂರಬೇಡಿ. ಹೊರಗೆ ಬಿಸಿಲು ಬಿದ್ದಿದ್ದರೆ ಶೂ ಹಾಕಿಕೊಂಡು ಹೊರಡಿ.