ತಳದ ಮನೆಗಳು

"ಯಾವ ಬೋಳಿಮಗ ಕಣೋ ನನ್ನ ಸರೋವರದೊಳಗೆ ಮನೆ ಕಟ್ಟಿದ್ದು?"

ಗೋಪಿನಾಥ ಕನ್ನಡದಲ್ಲೇ ಅರಚಿದ. ದಿಲ್ಲಿಯ ಓಖ್ಲಾದ ಆ ಶೆಡ್ಡಿನಲ್ಲಿ ಮಾಲೀಕನಾದ ಅವನನ್ನು ಬಿಟ್ಟರೆ ಕನ್ನಡ ಬಲ್ಲವನು ಗೋಪಾಲ ಒಬ್ಬನೇ. ಹಾಗಾಗಿ ಬೈಗುಳ ಅವನ ಪಾಲಿಗೆ ಬಂತು, ಅನುಮಾನ ಉಳಿದ ಕೆಲಸಗಾರರ ಪಾಲಿಗೆ ಹೋಯಿತು. ಇವರಿಬ್ಬರೂ ಏನೋ ಗುಸುಗುಸು ನಡೆಸಿದ್ದಾರೆ ಎಂದು ಎಲ್ಲರ ಕಣ್ಣೂ ಗೋಪಾಲನ ಮೇಲೆ ನೆಟ್ಟಿತು.

ಶೆಡ್ಡಿನ ನಡುವೆ ದೊಡ್ಡ ಹಲಗೆಯ ಮೇಲೆ ತೆಹರಿ ಸರೋವರದ ಮಾದರಿ ಏಳುತ್ತಿತ್ತು. ಥರ್ಮೊಕೋಲಿನ ಬೆಟ್ಟಗಳು, ಪ್ಲಾಸ್ಟರಿನ ಅಣೆಕಟ್ಟು, ಭಾಗೀರಥಿಯೂ ಭಿಲಂಗನೆಯೂ ಕೂಡುವಲ್ಲಿ ಬೋಳು ಕಣಿವೆ. ಕೊನೆಗೆ ಕಣಿವೆಗೆ ನೀಲಿ ಕೆಮಿಕಲ್ಲು ಸುರಿದರೆ ಅದು ಗಾಜಿನಂತೆ ಗಟ್ಟಿಯಾಗಿ ನೀರಾಗುತ್ತದೆ. ಆಮೇಲೆ ಮಾಲು ವಸ್ತುಪ್ರದರ್ಶನಕ್ಕೆ. ಆದರೆ ಕಣಿವೆಯ ತಳದಲ್ಲಿ, ಹೊಳೆಯಂಚಿಗೆ, ಕಡಲೆಕಾಳಿನಷ್ಟು ಗಾತ್ರದ ಮನೆಗಳು ಮತ್ತೆ ಮೂಡಿದ್ದವು. ನಿನ್ನೆ ಕಿತ್ತರೆ ಇವತ್ತು ಹುಟ್ಟುತ್ತಿದ್ದವು.

ಗೋಪಿನಾಥ ಸ್ಕ್ರೂಡ್ರೈವರಿನಿಂದ ಅವನ್ನು ಮೀಟಿ ಎಸೆದ. ಅಲ್ಲಿ ಮೊದಲಿಂದಲೂ ಬರೀ ಕಲ್ಲಿತ್ತು, ಮಾದರಿ ಮಾಡಿಸುತ್ತಿರುವ ಸರ್ಕಾರಿ ಸಾಹೇಬರು ಪ್ರದರ್ಶನದ ಬೋರ್ಡಿನಲ್ಲಿ ಹಾಗೇ ಬರೆಸಿದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿದ.

"ಆ ಪಹಾಡಿ ಹೆಂಗಸಿನ ಮೇಲೆ ಕಣ್ಣಿಡು. ನಮ್ಮೋನು ಅಂತ ನಿಂಗೆ ಹೇಳ್ತಿದೀನಿ."

ಈ ನಮ್ಮೋನಿಗೆ ಚಹಾ ಬರುತ್ತಿದ್ದುದು ಬಣ್ಣದ ಡಬ್ಬಿಯ ಮುಚ್ಚಳದಲ್ಲಿ. ಉಳಿದವರಿಗೆ ಗಾಜಿನ ಲೋಟ. ಗೋಪಿನಾಥ ಊರಿನ ಹೆಸರು ಕೇಳಿದ ದಿನವೇ ಕೇರಿಯ ಹೆಸರನ್ನೂ ಕೇಳಿಕೊಂಡಿದ್ದ. ಶೆಡ್ಡಿನ ಹಿಂದಿನ ತಗಡಿನ ಗೂಡೂ ಗೋಪಿನಾಥನದೇ. ಅದರಲ್ಲಿ ಗೋಪಾಲನ ಹೆಂಡತಿ ಸರಸು, ಹಸಿ ಬಾಣಂತಿ, ಕೂಸನ್ನು ಅವುಚಿಕೊಂಡು ಮಲಗಿದ್ದಳು. ಸಾಹೇಬರು ಬರುವುದರೊಳಗೆ ಮನೆ ಕಟ್ಟಿದವರ ಹೆಸರು ಬರದಿದ್ದರೆ ಗೂಡು ಖಾಲಿ ಎಂದು ಹೇಳಿ ಗೋಪಿನಾಥ ಹೋದ.

ಪಹಾಡಿ ಹೆಂಗಸು ಎಂದರೆ ಬೆಟ್ಟದ ಸೀಮೆಯಿಂದ ಬಂದ, ಮಾದರಿಗೆ ಕಾಗದದ ಹಿಟ್ಟು ನಾದುವ ವಿಮಲಾ. ಸರೋವರದಲ್ಲಿ ಮುಳುಗಿದ ತೆಹರಿ ಊರಿನವಳೇ. ಹೋದ ವರ್ಷ ಅಣೆಕಟ್ಟಿನ ಸುರಂಗದ ಬಾಗಿಲು ಮುಚ್ಚಿ ನೀರೇರಿಸಿದಾಗ, ನಿಂತ ಜಾಗ ನಿಮ್ಮದಲ್ಲ ಎಂದು ಅವಳ ಕೇರಿಯನ್ನು ಬರಿಗೈಯಲ್ಲಿ ಎಬ್ಬಿಸಿದ್ದರಂತೆ. ಇದನ್ನು ಅವಳು ಬೇರೆಯವರಿಗೆ ಹೇಳುವಾಗ ಗೋಪಾಲ ಕೇಳಿಸಿಕೊಂಡಿದ್ದ. ಅವನು ಹತ್ತಿರ ಹೋದೊಡನೆ ಮಾತು ನಿಂತಿತ್ತು.

ಮಧ್ಯಾಹ್ನ ಎಲ್ಲರೂ ರೊಟ್ಟಿಗೆ ಕೂತಾಗ ಅವಳು ಹಲಗೆಯ ಬಳಿಯೇ ಉಳಿದಳು. ಗೋಪಾಲ ಕಂಬದ ಮರೆಯಿಂದ ನೋಡಿದ. ಉಗುರಿನ ಸಂದಿಯಿಂದ ಹಿಟ್ಟು ತೆಗೆದು, ಚಿವುಟಿ, ಗೋಡೆ ನಿಲ್ಲಿಸಿ, ಕಡ್ಡಿಯಿಂದ ಬಾಗಿಲು ಕೊರೆಯುತ್ತಿದ್ದಳು. ಮುಳುಗಿದ ಊರಿನ ರಾಜನ ಅರಮನೆ ಮಾಡಲಿಲ್ಲ, ಗಡಿಯಾರದ ಗೋಪುರ ಮಾಡಲಿಲ್ಲ. ಊರಿನಿಂದ ದೂರ, ನೀರಿಗೆ ಒತ್ತಿಕೊಂಡು ನಿಂತ ಒಂದು ಹಿಡಿ ಗುಡಿಸಲು. ಅದು ಯಾರ ಕೇರಿ ಎಂದು ಗೋಪಾಲನಿಗೆ ಯಾರೂ ಹೇಳಬೇಕಿರಲಿಲ್ಲ. ಕೃಷ್ಣೆಯ ಹಿನ್ನೀರಿಗೆ ಮೊದಲು ಮುಳುಗಿದ್ದು ಅಂಥದೇ ಅವನ ಓಣಿ.

ಆದರೂ ಒಳಗೊಂದು ಹುಳ ಕೊರೆಯಿತು. ತನ್ನನ್ನು ಸಿಕ್ಕಿಸಲಿಕ್ಕೇ ಇವಳು ಹೀಗೆ ಮಾಡುತ್ತಿದ್ದಾಳೋ ಏನೋ.

ಅವಳು ತಲೆಯೆತ್ತಿದಳು. ಹೆದರಲಿಲ್ಲ.

"ಜಾ, ಬತಾ ದೇ ಅಪ್ನೇ ಸಾಬ್ ಕೋ." ಹೋಗು, ನಿನ್ನ ಮಾಲೀಕನಿಗೆ ಹೇಳಿಬಿಡು ಎಂಬ ಸವಾಲು.

ನನ್ನ ಊರೂ ನೀರಡಿ ಐತಿ ಎನ್ನಬೇಕೆಂದು ಗೋಪಾಲನ ಬಾಯಿ ತೆರೆಯಿತು. ಅವನ ಹಿಂದಿಯಲ್ಲಿ ಸಿಮೆಂಟಿತ್ತು, ಚಹಾ ಇತ್ತು, ಅದಕ್ಕೆ ಬೇಕಾದ ಮಾತಿರಲಿಲ್ಲ. "ನಹೀ" ಎಂದಷ್ಟೇ ಅಂದ. ವಿಮಲಾ ಮೂಗು ಮುರಿದಳು.

ಇಳಿಹೊತ್ತಿಗೆ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಮಾದರಿಯನ್ನು ಸುತ್ತಿದರು. ದಿಲ್ಲಿಯ ದಾಹ ತೀರಿಸುವ ಸರೋವರ ಎಂದು ತಮ್ಮ ಭಾಷಣದ ಸಾಲನ್ನು ತಾವೇ ಹೇಳಿ ನೋಡಿಕೊಂಡರು. ಶೆಡ್ಡಿಗೆ ನಲ್ಲಿ ಇರಲಿಲ್ಲ, ಕುಡಿಯುವ ನೀರು ಟ್ಯಾಂಕರಿನದು. ಮಾದರಿಯ ಬೆಟ್ಟದ ನೆತ್ತಿಯಲ್ಲಿಟ್ಟ ಗೆಸ್ಟ್ ಹೌಸ್ ಚೆನ್ನಾಗಿದೆ, ಹುಲ್ಲುಹಾಸು ಇನ್ನಷ್ಟು ಹಸಿರಿರಲಿ ಎಂದರು. ಆಮೇಲೆ ಬಗ್ಗಿ ತಳ ನೋಡಿದರು. ಇದೇನು ಎಂದು ಕೇಳಿದರು.

ಗೋಪಿನಾಥ ಗೋಪಾಲನನ್ನು ಕೈಯಿಂದ ಮುಟ್ಟಲಿಲ್ಲ. ಅಳತೆಪಟ್ಟಿಯನ್ನು ಕುತ್ತಿಗೆಗೆ ಒತ್ತಿ ಅವನ ಮುಖವನ್ನು ಕಣಿವೆಗೆ ಬಗ್ಗಿಸಿದ.

"ಬೊಗಳೋ ಹೊಲಸು ನನ್ಮಗನೆ. ಅವಳೇ ತಾನೆ?"

ವಿಮಲಾ ಒರೆಸುವ ಬಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. ಮಾತು ತಿಳಿಯದಿದ್ದರೂ ಕೇಳುತ್ತಿರುವುದೇನೆಂದು ಅವಳಿಗೆ ತಿಳಿದಿತ್ತು. ಒಂದು ಹೆಸರು ಉಸುರಿದರೆ ಸರಸುವಿನ ತಲೆಯ ಮೇಲಿನ ತಗಡು ಉಳಿಯುತ್ತಿತ್ತು.

"ಯಾರಾರ ಮಾಡ್ಲಿ ಬಿಡ್ರೀ. ಮನಿ ಇದ್ದದ್ದು ಖರೆ ಐತಲ್ಲ."

ಪಟ್ಟಿ ಬೆನ್ನ ಮೇಲೆ ಬಿತ್ತು. ಸಾಹೇಬರಿಗೆ ಹೊತ್ತಿರಲಿಲ್ಲ. ಕೀಳುವುದು ಬೇಡ, ನೀಲಿಯನ್ನು ಗಾಢ ಮಾಡಿ ಸುರಿಯಿರಿ, ತಳ ಕಾಣದಿದ್ದರೆ ಸಾಕು ಎಂದು ಅಪ್ಪಣೆ ಕೊಟ್ಟರು. ಗೋಪಿನಾಥ ಬಣ್ಣ ಹೆಚ್ಚಿಸಿ ಕಲಸಿದ ಡಬ್ಬಿಯನ್ನು ನೆಲದ ಮೇಲಿಟ್ಟು ಕಾಲಿನಿಂದ ಗೋಪಾಲನತ್ತ ನೂಕಿದ.

"ನೀನೇ ಮುಳುಗಿಸು. ಬುದ್ಧಿ ಬರ್ಲಿ."

ಗೋಪಾಲ ಡಬ್ಬಿ ಎತ್ತಿದ. ಕಣಿವೆಯ ಮೇಲೆ ಅದು ಬಾಗಲಿಲ್ಲ. ಇನ್ನೂ ಮೇಲಕ್ಕೆ ಹೋಯಿತು, ಬೆಟ್ಟದ ನೆತ್ತಿಗೆ. ನೀಲಿ ಗೆಸ್ಟ್ ಹೌಸಿನ ಚಾವಣಿಯ ಮೇಲೆ ದಪ್ಪಗೆ ಬಿತ್ತು, ಹುಲ್ಲುಹಾಸನ್ನು ನುಂಗಿತು, ಆಟಿಕೆ ಕಾರುಗಳ ಸುತ್ತ ತುಂಬಿ ಇಳಿಜಾರಿನಲ್ಲಿ ಜಾರತೊಡಗಿತು.

"ಈ ಸಲ ಮ್ಯಾಲಿನ ಓಣಿಯಿಂದ ಮುಳುಗ್ಲಿ" ಎಂದ.

ಏನಂದ ಅವನು ಎಂದು ಸಾಹೇಬರು ಗೋಪಿನಾಥನನ್ನು ಕೇಳಿದರು. ಗೋಪಿನಾಥ ಅನುವಾದಿಸಲಿಲ್ಲ. ಹೊರಗೆ ಓಡಿ ಕಾವಲುಗಾರನನ್ನು ಕೂಗಿದ. ಸ್ವಲ್ಪ ಹೊತ್ತಿಗೆ ಹಿಂದುಗಡೆ ತಗಡಿನ ಬಾಗಿಲನ್ನು ಒದೆಯುವ ಸದ್ದು, ಅದರ ಹಿಂದೆಯೇ ಕೂಸಿನ ಅಳು ಕೇಳಿತು.

ಒರೆಸು, ಬೇಗ ಒರೆಸು ಎಂದು ಸಾಹೇಬರು ವಿಮಲಾಳಿಗೆ ಕೈ ಬೀಸಿದರು. ಅವಳು ಬಟ್ಟೆಯನ್ನು ಮುದುಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇದೂ ಆ ಕನ್ನಡದವರಿಬ್ಬರ ಯಾವುದೋ ಆಟವೇ ಎಂಬಂತೆ ಗೋಪಾಲನ ಮುಖವನ್ನೇ ದಿಟ್ಟಿಸುತ್ತ ನಿಂತಳು.

ನೀಲಿ ಗಟ್ಟಿಯಾಗತೊಡಗಿತ್ತು.