ಕಳ್ಳಿಬೇಲಿಯ ಹುಳ

ಗಾಡಿಯ ಗಾಲಿ ಮಾಡುತ್ತಿದ್ದ ಗೌಸ್ ಜ್ವರದಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ದಿಲ್ಶಾದ್ ಬೇಗಂಗೆ ಉಳಿದದ್ದು ಹಿತ್ತಲೊಂದೇ. ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಕೂರಬೇಕು. ಹೊಸಿಲು ದಾಟುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ, ಬಳೆ ಸುರುಮೆ ಮೆಹಂದಿ ಯಾವುದೂ ಇಲ್ಲ. ಹುಣಸೂರಿನ ಆ ಮನೆಯ ಮುಂದೆ ಬಡಗಿಗಳ ಅಂಗಡಿಸಾಲು, ಸದಾ ಗಂಡಸರು. ಹಿಂದುಗಡೆ ಒಂದು ಬಾವಿ, ಒಗೆಯುವ ಕಲ್ಲು, ಗೌಸ್ ಅರ್ಧಕ್ಕೆ ಬಿಟ್ಟುಹೋದ ಗಾಲಿ. ಇಷ್ಟಕ್ಕೂ ಸುತ್ತ ಆಳೆತ್ತರ ಮೀರಿ ಬೆಳೆದ ಪಾಪಸುಕಳ್ಳಿ. ಮಾವ ನೆಟ್ಟ ಬೇಲಿ. ಅದನ್ನು ದಾಟಿ ನಾಯಿಯೂ ಬರುತ್ತಿರಲಿಲ್ಲ, ಯಾರ ನೋಟವೂ ಬರುತ್ತಿರಲಿಲ್ಲ. ಆ ಬೇಲಿಯ ಧೈರ್ಯದ ಮೇಲೆಯೇ ಅತ್ತೆ ಗುಲ್ಜಾರ್ ಬೀ ಹಗಲೆಲ್ಲ ಹಿತ್ತಲ ಬಾಗಿಲು ತೆರೆದಿಡುತ್ತಿದ್ದರು. ದಿಲ್ಶಾದ್ ಗಾಲಿಯ ಪಕ್ಕದಲ್ಲಿ ಕೂತು ಆಕಾಶ ನೋಡುತ್ತಿದ್ದಳು. ಹನ್ನೆರಡು ಅರಗಳಲ್ಲಿ ಏಳನ್ನು ಅವನು ಕೂರಿಸಿದ್ದ.

ಬೇಲಿಗೆ ಹುಳ ಬಿದ್ದದ್ದು ಗೌಸ್ ಬದುಕಿದ್ದಾಗಲೇ. ಕಳ್ಳಿಯ ದಪ್ಪ ಎಲೆಗಳ ಮೇಲೆ ಅಲ್ಲಲ್ಲಿ ಹತ್ತಿಯಂಥ ಬಿಳುಪು. "ನೋಡು, ಕಳ್ಳಿಗೂ ಗಡ್ಡ ನೆರೀತು" ಎಂದು ನಕ್ಕಿದ್ದ. ಅವನು ಹೋಗಿ ಹತ್ತು ದಿನವಾಗುವಷ್ಟರಲ್ಲಿ ಎಲೆಗಳು ಹಳದಿಯಾಗಿ ಒಂದೊಂದೇ ಕಳಚತೊಡಗಿದವು.

ಬೇಲಿಯಾಚೆ ನಿಂಗಯ್ಯನ ಹೊಲ. ಅವನ ಹೆಂಡತಿ ಕೆಂಪಾಜಮ್ಮ ಕಳ್ಳಿಯ ಸಂದಿನಲ್ಲಿ ಸೊಪ್ಪು ತೂರಿಸಿ ಕೊಡುತ್ತಿದ್ದಳು. ಹುಳದ ಸಂಗತಿ ಹೇಳಿದವಳು ಅವಳೇ.

"ಅದು ಬೂಜಲ್ಲ ಕಣವ್ವ, ಸರ್ಕಾರದ ಹುಳ. ವ್ಯವಸಾಯದ ಇನ್ಸ್‌ಪೆಕ್ಟ್ರು ಮಹದೇವಪ್ಪೋರು ಕಟ್ಟೆಮಳಲವಾಡಿ ದಾರೀಲಿ ಬುಟ್ಟೋದ್ರು. ಹುಳ ಅತ್ತಿದ ಎಲೆ ತಂದು ಒಳ್ಳೆ ಕಳ್ಳೀಗೆ ಕಟ್ಟೋದು, ಅಷ್ಟೇಯ. ಎಲ್ಡು ವರ್ಸಕ್ಕೆ ಕಳ್ಳಿ ಅನ್ನೋದೇ ಇರಾಕಿಲ್ವಂತೆ."

"ನಿಮ್ಮ ರಾಗಿಗೆ ಬೀಳಲ್ವಾ?"

"ಅದ್ಕೇ ಮೊದ್ಲು ಪರೀಕ್ಸೆ ಮಾಡವ್ರಂತೆ. ಗೂಡಲ್ಲಿ ಕೂಡಾಕಿ ರಾಗಿ, ಅವರೆ, ಬದ್ನೆ ಎಲ್ಲಾ ಇಟ್ರಂತೆ. ಅಸ್ಕಂಡು ಸತ್ತೋದ್ವಂತೆ, ಬಾಯಿ ಮಾತ್ರ ಇಕ್ನಿಲ್ವಂತೆ. ನನ್ನ ಗಂಡನಿಗಿಂತ ಮೇಲು ಬುಡು, ಅವ್ನು ಸಿಕ್ಕಿದ್ದೆಲ್ಲ ತಿಂತಾನೆ."

ದಿಲ್ಶಾದ್ ನಗಲಿಲ್ಲ. "ನಮ್ಮ ಬೇಲಿ ಒಂದು ಬಿಟ್ಟುಬಿಡಿ ಅಂತ ಅವರಿಗೆ ಹೇಳೋಕ್ಕಾಗಲ್ವಾ?"

"ಹುಳಕ್ಕೆ ಯಾರವ್ವ ಏಳೋರು? ಗಾಳೀಲಿ ಬತ್ತದೆ."

ಕೆಂಪಾಜಮ್ಮನ ದನಿಯಲ್ಲಿ ಸಂತೋಷವಿತ್ತು. ಮುಳ್ಳಿನಡಿ ಸೇರಿಹೋಗಿದ್ದ ಅರ್ಧ ಹೊಲ ಅವಳಿಗೆ ಮರಳಿ ಬರುತ್ತಿತ್ತು. ಅದರಲ್ಲಿ ತಪ್ಪು ಹುಡುಕಲು ದಿಲ್ಶಾದಳಿಗೆ ಏನೂ ಸಿಗಲಿಲ್ಲ. ಜೋರು ಮಳೆ ಬಿದ್ದರೆ ಹುಳ ತೊಳೆದುಹೋಗುತ್ತದೆಂದು ಇನ್ಸ್‌ಪೆಕ್ಟರು ಹೇಳಿದ್ದರಂತೆ. ಈಗ ಮಳೆಗಾಲವಲ್ಲವೆಂದೂ ಹೇಳಿದ್ದರಂತೆ.

ಮಾರನೆಯ ದಿನದಿಂದ ಅವಳು ಬಾವಿಯ ನೀರು ಸೇದಿ ಕಳ್ಳಿಗೆ ಎರಚಿದಳು. ನೀರು ಬಿದ್ದ ಕಡೆ ಬಿಳುಪು ಹೋಗುತ್ತಿತ್ತು, ವಾರಕ್ಕೆ ಮರಳಿ ಬರುತ್ತಿತ್ತು. ಬೂದಿ ತೂರಿದಳು. ಕೊನೆಗೆ ಮುಳ್ಳಿನ ನಡುವೆ ಕೈ ತೂರಿಸಿ ಬೆರಳಲ್ಲೇ ಹಿಸುಕತೊಡಗಿದಳು. ಬಿಳಿಯ ಹತ್ತಿಯೊಳಗಿಂದ ಕಡುಕೆಂಪು ರಸ ಚಿಮ್ಮಿತು.

ಬೇಲಿ ಬಿದ್ದಲ್ಲೆಲ್ಲ ಗೋಣಿಯನ್ನೋ ಗೌಸನ ಹಳೆಯ ಲುಂಗಿಯನ್ನೋ ಕಟ್ಟಿದಳು. ಗುಲ್ಜಾರ್ ಬೀಯ ಕಣ್ಣಿಗೆ ಪೊರೆ ಬಂದಿತ್ತು. ಒಗೆದ ಬಟ್ಟೆ ಒಣಗುತ್ತಿದೆಯೆಂದು ತಿಳಿದರು. ಬೇಲಿ ಬಿದ್ದದ್ದು ಗೊತ್ತಾದರೆ ಬಾಗಿಲು ಹಾಕಿಸುತ್ತಾರೆಂದು ದಿಲ್ಶಾದಳಿಗೆ ಗೊತ್ತಿತ್ತು. ಆಮೇಲೆ ಕಿಟಕಿಯಿಲ್ಲದ ಒಳಕೋಣೆ.

ನಲವತ್ತನೆಯ ದಿನದ ಫಾತೆಹಾಗೆ ಹೆಂಗಸರು ಬರುವವರಿದ್ದರು. ಅಂದು ಬೆಳಿಗ್ಗೆಯೂ ಅವಳು ಹುಳ ಹಿಸುಕಿದ್ದಳು. ಕೈ ತೊಳೆಯಲು ಬೂದಿ ಹಚ್ಚಿದರೆ ಕಲೆ ನೇರಳೆಗೆ ತಿರುಗಿತು. ಗಾಬರಿಯಾಗಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಕೆಂಪು ಇನ್ನಷ್ಟು ಬೆಳಗಿ ಬೆರಳ ತುದಿಯಲ್ಲೆಲ್ಲ ಕೂತಿತು. ಸೆರಗಿನೊಳಗೆ ಕೈ ಮುಚ್ಚಿಕೊಂಡು ಹೋಗಿ ಕೂತಳು.

ಪಿರಿಯಾಪಟ್ಟಣದಿಂದ ಬಂದಿದ್ದ ಮುನ್ನೀಬಿ, ಗುಲ್ಜಾರ್ ಬೀಯ ತಂಗಿ, ಅಳುತ್ತಲೇ ಬಂದು ದಿಲ್ಶಾದಳ ಕೈ ಹಿಡಿದುಕೊಂಡಳು. ಹಿಡಿದವಳ ಅಳು ನಿಂತಿತು.

"ತೌಬಾ! ಇದೇನು ದುಲ್ಹನ್? ಗೌಸ್ ಮಣ್ಣಿಗೆ ಹೋಗಿ ಇವತ್ತಿಗೆ ನಲವತ್ತು ದಿನ. ಕೈಗೆ ಮೆಹಂದಿ!"

ಹೆಂಗಸರೆಲ್ಲ ಬಗ್ಗಿ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು.

"ನನ್ನ ಕಣ್ಣಿಗೆ ಕಾಣಲ್ಲ" ಎಂದರು ಗುಲ್ಜಾರ್ ಬೀ. ಕೈ ಚಾಚಿ ಸೊಸೆಯ ಬೆರಳುಗಳನ್ನು ಮುಟ್ಟಿದರು, ಮುಟ್ಟಿದರೆ ಬಣ್ಣ ತಿಳಿಯುತ್ತದೇನೋ ಎಂಬಂತೆ. "ನೀನೇ ಹೇಳು ದುಲ್ಹನ್. ಮೆಹಂದೀನಾ?"

ದಿಲ್ಶಾದ್ ಬಾಯಿ ತೆರೆದಳು. ಹುಳ ಎಂದರೆ, ಎಲ್ಲಿಯ ಹುಳ ಎನ್ನುತ್ತಾರೆ. ಬೇಲಿಯದು ಎಂದರೆ ಎದ್ದು ನೋಡಲು ಹೋಗುತ್ತಾರೆ. ಆಡಿಕೊಳ್ಳುವವರು ನಾಲ್ಕು ದಿನ ಆಡಿಕೊಂಡು ಸುಮ್ಮನಾದಾರು. ಬಾಗಿಲು ಹಾಗಲ್ಲ. ತೆರೆದ ಬಾಯಿ ಮುಚ್ಚಿಕೊಂಡಳು.

"ನೋಡಿದಿರಾ ಆಪಾ, ಉತ್ತರವೇ ಇಲ್ಲ!" ಎಂದಳು ಮುನ್ನೀಬಿ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಕೆಂಪಾಜಮ್ಮ ನಿಂತಿದ್ದಳು. ಊಟಕ್ಕೆಂದು ಬಾಳೆ ಎಲೆಯ ಕಟ್ಟು ತಂದಿದ್ದಳು. ಗೋಣಿ ಸರಿಸಿಕೊಂಡು ನೇರ ಒಳಗೇ ಬಂದಿದ್ದಳು, ಮಾತೆಲ್ಲ ಕೇಳಿಸಿಕೊಂಡಿದ್ದಳು.

"ಅಯ್ಯೋ ಸುಮ್ಕಿರಿ! ಮದರಂಗಿಯೂ ಅಲ್ಲ ಏನೂ ಅಲ್ಲ. ಹುಳದ ರಕ್ತ ಕಣ್ರವ್ವ ಅದು. ಬೇಲಿ ಉಳೀಲಿ ಅಂತ ಪಾಪ ಈ ಮಗ ದಿನಾ ಇಸುಕ್ತಾ ಕುಂತಿರ್ತದೆ. ಬನ್ನಿ, ತೋರುಸ್ತೀನಿ."

ದಿಲ್ಶಾದ್ ತಲೆ ಅಲ್ಲಾಡಿಸಿದಳು. ಕೆಂಪಾಜಮ್ಮ ಅದನ್ನು ನಾಚಿಕೆ ಎಂದುಕೊಂಡಳು.

ಹೆಂಗಸರು ಹಿತ್ತಲಿಗೆ ನಡೆದರು. ಕೆಂಪಾಜಮ್ಮ ಒಂದು ಎಲೆ ಕಿತ್ತು ಉಜ್ಜಿ ತನ್ನ ಅಂಗೈ ತೋರಿಸಿದಳು. ರಕ್ತದಂಥ ಕೆಂಪು. "ಅಲ್ಲಾ, ನನ್ನ ನಾಲಿಗೆ ಬಿದ್ದುಹೋಗಲಿ" ಎಂದು ಮುನ್ನೀಬಿ ಕೆನ್ನೆಗೆ ಬಡಿದುಕೊಂಡಳು. ಆಮೇಲೆ ಅವಳ ಕೈ ಲುಂಗಿಯ ಪರದೆ ಸರಿಸಿತು. ಆಚೆ ಬೇಲಿಯೇ ಇರಲಿಲ್ಲ. ಮೆತ್ತಗಾಗಿ ಕೊಳೆತು ಬಿದ್ದ ಕಳ್ಳಿಯ ರಾಶಿ, ಅದರಾಚೆ ಉಳುತ್ತಿದ್ದ ನಿಂಗಯ್ಯ. ಅವನು ಹೆಂಗಸರನ್ನು ಕಂಡು ಮುಖ ತಿರುಗಿಸಿಕೊಂಡು ಎತ್ತುಗಳನ್ನು ಗದರಿದ.

"ಆಪಾ," ಮುನ್ನೀಬಿಯ ದನಿ ಈಗ ಮೆತ್ತಗಿತ್ತು. "ಇದ್ದತ್ತಿನ ಹುಡುಗಿಯನ್ನು ಬಯಲಲ್ಲಿ ಕೂರಿಸಿದ್ದೀರಲ್ಲ."

ಗುಲ್ಜಾರ್ ಬೀ ಕೈಯಾಡಿಸುತ್ತ ಬಂದು ಲುಂಗಿಯನ್ನು ಹಿಡಿದುಕೊಂಡರು. ಮಗನ ಲುಂಗಿ ಎಂದು ಕೈಗೆ ತಿಳಿಯಿತು. "ನನಗೆ ಹೇಳಬಾರದಿತ್ತಾ ದುಲ್ಹನ್" ಎಂದರು. ಬಯ್ಯಲಿಲ್ಲ.

ಸಂಜೆಯೊಳಗೆ ಮೈದುನ ಅಬ್ದುಲ್ ಸತ್ತಾರ್ ಹಿತ್ತಲ ಬಾಗಿಲಿಗೆ ಅಡ್ಡಪಟ್ಟಿ ಹೊಡೆದ. ಗಾಲಿಗೆಂದು ಗೌಸ್ ಕೊಯ್ದಿಟ್ಟಿದ್ದ ಮರವೇ ಅಳತೆಗೆ ಸರಿಹೋಯಿತು. ನೀರು ನಾನೇ ಸೇದಿ ಮುಂಬಾಗಿಲಿಂದ ತಂದಿಡುತ್ತೇನೆ ಭಾಬಿ, ಎಂದ. ಇನ್ನೂ ಸುಮಾರು ಮೂರು ತಿಂಗಳು ಬಾಕಿ ಇತ್ತು.

ಎರಡು ದಿನ ಬಿಟ್ಟು ಯಾರೋ ಆ ಬಾಗಿಲು ತಟ್ಟಿದರು.

"ದಿಲ್ಸಾದವ್ವ, ಸೊಪ್ಪು ತಂದಿವ್ನಿ. ಮುಳ್ಳಿನ ಕಾಟ ತಪ್ತು ಕಣವ್ವ, ಈಗ ನೇರ ಬಾಗ್ಲುಗಂಟ ಬರಬೋದು. ತಗಿ."

ದಿಲ್ಶಾದ್ ಹಲಗೆಯ ಮೇಲೆ ಕೈ ಇಟ್ಟು ನಿಂತಳು. ಉಗುರ ಸಂದಿನಲ್ಲಿ ಕೆಂಪು ಇನ್ನೂ ಹೋಗಿರಲಿಲ್ಲ.

"ಇಲ್ಲೇ ಇಕ್ಕೋಗ್ತೀನಿ, ಆಮ್ಯಾಕೆ ತಗೋ" ಎಂದಿತು ಆಚೆಯ ದನಿ.